ಕತ್ತಿನ ರಕ್ತನಾಳದ ಬ್ಲಾಕ್: ಯಾವ ಸಿ.ಟಿ. ಯಂತ್ರ, ಎಷ್ಟು ಅವಸರ?

ಪ್ರಶ್ನೆ: ನಮ್ಮದು ಕೊಪ್ಪಳ ಜಿಲ್ಲೆಯ ಕಾರಟಗಿ. ಅಪ್ಪನಿಗೆ 64 ವರ್ಷ. ಶುಗರ್‌ಗೆ ಮೆಟ್‌ಫಾರ್ಮಿನ್, ಬಿ.ಪಿ.ಗೆ ಒಂದು ಮಾತ್ರೆ ತಗೊಳ್ತಾರೆ. ಗುಟ್ಕಾ ಚಟ ಇದೆ. ಐದು ದಿನದ ಹಿಂದೆ ಊಟಕ್ಕೆ ಕೂತಾಗ ಬಲಗೈ ಸೋತು ರೊಟ್ಟಿ ಮುರಿಯೋಕೆ ಆಗಲಿಲ್ಲ, ಮಾತೂ ತೊದಲಿತು. ಹದಿನೈದು ನಿಮಿಷದಲ್ಲಿ ಎಲ್ಲ ಸರಿಹೋಯಿತು. ಗಂಗಾವತಿಯಲ್ಲಿ ಕತ್ತಿನ ಡಾಪ್ಲರ್ (ರಕ್ತದ ವೇಗ ಅಳೆಯುವ ಅಲ್ಟ್ರಾಸೌಂಡ್) ಮಾಡಿಸಿದೆವು. ಎಡಗಡೆ ಕೆರೋಟಿಡ್‌ನಲ್ಲಿ (ಮಿದುಳಿಗೆ ರಕ್ತ ಒಯ್ಯುವ ಕತ್ತಿನ ನಾಳ) ಸುಣ್ಣಗಟ್ಟಿದ ಪ್ಲಾಕ್ (ನಾಳದ ಗೋಡೆಗೆ ಕಟ್ಟಿದ ಕೊಬ್ಬಿನ ಪದರ), ಶೇ 60–70 ಬ್ಲಾಕ್, ರಕ್ತದ ವೇಗ 210, ನೆರಳು ಬಿದ್ದು ಪೂರ್ತಿ ಕಾಣುತ್ತಿಲ್ಲ ಎಂದು ಬರೆದಿದ್ದಾರೆ. ಸಿ.ಟಿ. ಆಂಜಿಯೊ (ಡೈ ಹಾಕಿ ರಕ್ತನಾಳ ನೋಡುವ ಸಿ.ಟಿ.) ಮಾಡಿಸಿ ಅಂದರು. ಬಳ್ಳಾರಿಯಲ್ಲಿ 128 ಸ್ಲೈಸ್ ಸಿಗುತ್ತದೆ. ಹೈದರಾಬಾದಿನಲ್ಲಿರುವ ಮಾವ ಮಾತ್ರ ‘ಡ್ಯುಯಲ್ ಎನರ್ಜಿ, ಇಲ್ಲಾಂದ್ರೆ ಫೋಟಾನ್ ಕೌಂಟಿಂಗ್ ಯಂತ್ರದಲ್ಲೇ ಮಾಡಿಸು, ಸುಣ್ಣ ಇದ್ದರೆ ಹಳೇ ಯಂತ್ರ ತಪ್ಪು ತೋರಿಸುತ್ತೆ, ಹತ್ತು ದಿನ ಕಾದರೂ ಪರವಾಗಿಲ್ಲ’ ಅಂತಾರೆ. ಕ್ರಿಯಾಟಿನಿನ್ 1.5 ಇದೆ. ಡೈ ಹಾಕಿದರೆ ಕಿಡ್ನಿ ಹೋಗುತ್ತೆ ಅಂತ ಅಮ್ಮನಿಗೆ ಭಯ. ಈ ಯಂತ್ರಗಳಲ್ಲಿ ನಿಜವಾದ ವ್ಯತ್ಯಾಸ ಏನು? ಪ್ಲಾಕ್ ಒಡೆಯುತ್ತೋ ಇಲ್ಲವೋ ಅಂತ ಸಿ.ಟಿ. ಹೇಳುತ್ತಾ? ನನಗೂ ತಂಗಿಗೂ ಟೆಸ್ಟ್ ಬೇಕಾ?

ಉತ್ತರ: ತುರ್ತಿನ ಮಾತನ್ನು ಪತ್ರ ಕೈಸೇರಿದ ದಿನವೇ ಇವರಿಗೆ ತಿಳಿಸಿದ್ದಾಗಿದೆ. ಬಳ್ಳಾರಿಯ 128 ಸ್ಲೈಸ್ ಸಾಕು, ನಾಳೆಯೇ ಮಾಡಿಸಿ, ಹತ್ತು ದಿನ ಕಾಯುವುದು ಬೇಡವೇ ಬೇಡ. ಇದೇ ಗೊಂದಲ ಬೇರೆ ಮನೆಗಳಲ್ಲೂ ಇರುತ್ತದಾದ್ದರಿಂದ ಕಾರಣಗಳನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಿಮ್ಮ ತಂದೆಯವರಿಗೆ ಆದದ್ದನ್ನು ಟಿ.ಐ.ಎ. ಅನ್ನುತ್ತೇವೆ, ಅಂದರೆ ಬಂದು ಹೋದ ಲಕ್ವ. ಬಲಗೈಯನ್ನೂ ಮಾತನ್ನೂ ನಡೆಸುವುದು ಸಾಮಾನ್ಯವಾಗಿ ಮಿದುಳಿನ ಎಡಭಾಗ. ಬ್ಲಾಕ್ ಇರುವುದೂ ಎಡ ಕೆರೋಟಿಡ್‌ನಲ್ಲೇ. ಎರಡೂ ತಾಳೆಯಾಗುವುದರಿಂದ ಇದು ಪರೀಕ್ಷೆ ಮಾಡಿಸುವಾಗ ಅಕಸ್ಮಾತ್ ಸಿಕ್ಕ ಬ್ಲಾಕ್ ಅಲ್ಲ, ಈಗಾಗಲೇ ಒಂದು ಚೂರನ್ನು ಮಿದುಳಿಗೆ ಕಳಿಸಿರುವ ಸಾಧ್ಯತೆ ಇರುವ ಬ್ಲಾಕ್. ಇಂಥವರಲ್ಲಿ ಪೂರ್ಣ ಲಕ್ವ ಹೊಡೆಯುವ ಅಪಾಯ ಮೊದಲ ಕೆಲವು ದಿನಗಳಲ್ಲೇ ಹೆಚ್ಚು. ಆಪರೇಷನ್ ಬೇಕೆಂದಾದರೆ ಲಕ್ಷಣ ಕಂಡ 14 ದಿನದೊಳಗೆ ಮಾಡಿದಾಗ ಲಾಭ ಹೆಚ್ಚು ಎಂಬುದು ಈಗ ಎಲ್ಲರೂ ಒಪ್ಪುವ ಮಾತು. ಅವುಗಳಲ್ಲಿ ಐದು ಕಳೆದಿವೆ. ಮಾವ ಹೇಳಿದಂತೆ ಹತ್ತು ದಿನ ಕಾದರೆ ಅವಧಿಯೇ ಮುಗಿದುಹೋಗುತ್ತದೆ. ಸ್ಕ್ಯಾನ್ ಆಗುವವರೆಗೂ ಸುಮ್ಮನಿರಬಾರದು. ಆಸ್ಪಿರಿನ್, ಅಗತ್ಯವಿದ್ದರೆ ಜೊತೆಗೆ ಕ್ಲೊಪಿಡೊಗ್ರೆಲ್, ಮತ್ತು ಅಟೊರ್ವಾಸ್ಟಾಟಿನ್ ಇಷ್ಟೊತ್ತಿಗೆ ಶುರುವಾಗಿರಬೇಕು. ಆಗಿಲ್ಲದಿದ್ದರೆ ಇವತ್ತೇ ವೈದ್ಯರನ್ನು ಕೇಳಿ. ಆಂಜಿಯೊ ಇದೆಯೆಂದು ಇವನ್ನು ನಿಲ್ಲಿಸುವ ಅಗತ್ಯವೂ ಇಲ್ಲ.

ಮಾವನ ಮಾತಿನಲ್ಲಿ ಅರ್ಧ ಸತ್ಯವಿದೆ. ಸುಣ್ಣಗಟ್ಟಿದ ಪ್ಲಾಕ್ ಸಿ.ಟಿ.ಯನ್ನು ದಾರಿ ತಪ್ಪಿಸುವುದು ನಿಜ. ಆದರೆ ಎಷ್ಟು ತಪ್ಪಿಸುತ್ತದೆ, ಅದನ್ನು ಹೇಗೆ ತಿದ್ದಬಹುದು ಎಂಬುದು ಯಂತ್ರದ ಹೆಸರಿಗಿಂತ ಅದನ್ನು ಬಳಸುವ ರೀತಿಯ ಮೇಲೆ ನಿಂತಿದೆ.

ಮೊದಲು ಡಾಪ್ಲರ್ ಮಾತು. ಸೆಕೆಂಡಿಗೆ 125 ಸೆಂ.ಮೀ.ಗಿಂತ ಮೇಲೆ ವೇಗವಿದ್ದರೆ ಶೇ 50ರಾಚೆಯ ಬ್ಲಾಕ್, 230 ದಾಟಿದರೆ ಶೇ 70ರಾಚೆ ಎಂದು ಲೆಕ್ಕ. 210 ಅಂದರೆ ಮೇಲಿನ ಗೆರೆಯ ಅಂಚು. ಆದರೆ ಸುಣ್ಣದ ಹಿಂದೆ ಅಲ್ಟ್ರಾಸೌಂಡ್ ಹೋಗುವುದಿಲ್ಲ, ಅಲ್ಲಿ ಕಪ್ಪು ನೆರಳು ಬೀಳುತ್ತದೆ. ಅತ್ಯಂತ ಕಿರಿದಾದ ಜಾಗ ಆ ನೆರಳಿನಲ್ಲೇ ಇದ್ದರೆ 210 ಎಂಬುದು ಅದರ ಪಕ್ಕದ ಜಾಗದ ವೇಗವಾಗಿರಬಹುದು. ಆದ್ದರಿಂದಲೇ ನಿಮ್ಮ ವೈದ್ಯರು ಆಂಜಿಯೊ ಕೇಳಿದ್ದು, ಸರಿಯಾಗಿಯೇ ಕೇಳಿದ್ದಾರೆ.

ಅರ್ಧ ಮಿಲಿಮೀಟರಿನ ಜಗಳ

ಶೇಕಡಾವಾರು ಲೆಕ್ಕ ಹೇಗೆ ಬರುತ್ತದೆ ನೋಡಿ. ಬ್ಲಾಕ್ ದಾಟಿದ ಮೇಲೆ ಒಳ ಕೆರೋಟಿಡ್‌ನ ಆರೋಗ್ಯವಂತ ಭಾಗ 4.5 ಮಿ.ಮೀ. ಅಗಲವಿದೆ ಎನ್ನೋಣ. ಕಿರಿದಾದ ಜಾಗದಲ್ಲಿ ರಕ್ತ ಹರಿಯುವ ದಾರಿ 1.5 ಮಿ.ಮೀ. ಅಲ್ಲಿಗೆ ಬ್ಲಾಕ್ ಶೇ 67. ಈಗ ಪಕ್ಕದ ಸುಣ್ಣ ಚಿತ್ರದಲ್ಲಿ ಇರುವುದಕ್ಕಿಂತ ದಪ್ಪವಾಗಿ ಹರಡಿಕೊಂಡು ಅರ್ಧ ಮಿಲಿಮೀಟರನ್ನು ನುಂಗಿತು ಎಂದರೆ ದಾರಿ 1 ಮಿ.ಮೀ. ಎಂದು ಕಾಣುತ್ತದೆ, ಬ್ಲಾಕ್ ಶೇ 78 ಆಗುತ್ತದೆ. ಅರ್ಧ ಮಿಲಿಮೀಟರಿಗೆ ಶೇ 70ರ ಗೆರೆಯೇ ದಾಟಿಹೋಯಿತು. ಸುಣ್ಣ ಹೀಗೆ ಉಬ್ಬಿ ಕಾಣುವುದನ್ನು ಬ್ಲೂಮಿಂಗ್ ಅನ್ನುತ್ತೇವೆ. ಹೊಸ ಯಂತ್ರಗಳ ಗುದ್ದಾಟವೆಲ್ಲ ಮುಖ್ಯವಾಗಿ ಇದರ ಜೊತೆಗೇ.

ಇದಕ್ಕಿಂತ ದೊಡ್ಡ ಗೊಂದಲವನ್ನು ಯಂತ್ರವಲ್ಲ, ಅಳೆಯುವವರು ಹುಟ್ಟುಹಾಕುತ್ತಾರೆ. ಅದೇ 1.5 ಮಿ.ಮೀ. ದಾರಿಯನ್ನು ಮೇಲಿನ ಆರೋಗ್ಯವಂತ ನಾಳದ ಬದಲು ಪ್ಲಾಕ್ ಇರುವ ಜಾಗದ ಮೂಲ ಅಗಲಕ್ಕೆ, ಅಂದಾಜು 7.5 ಮಿ.ಮೀ.ಗೆ, ಹೋಲಿಸಿದರೆ ಶೇ 80 ಬರುತ್ತದೆ. ಮೊದಲನೆಯದು ನ್ಯಾಸೆಟ್ ಎಂಬ ಅಧ್ಯಯನದ ಪದ್ಧತಿ, ಎರಡನೆಯದು ಯುರೋಪಿನ ಹಳೆಯ ಪದ್ಧತಿ. ಆಪರೇಷನ್ ನಿರ್ಧಾರದ ಗೆರೆಗಳು ನಿಂತಿರುವುದು ನ್ಯಾಸೆಟ್ ಅಳತೆಯ ಮೇಲೆ. ರಿಪೋರ್ಟಿನಲ್ಲಿ ಯಾವ ಪದ್ಧತಿ ಎಂದು ಬರೆದಿಲ್ಲದಿದ್ದರೆ ಕೇಳಿ ಬರೆಸಿಕೊಳ್ಳಿ. ಕೇಳಿದರೆ ಯಾರೂ ಬೇಜಾರಾಗುವುದಿಲ್ಲ. ಒಂದು ಅಪವಾದ ಇದೆ: ಬ್ಲಾಕ್ ತೀರಾ ಹೆಚ್ಚಾಗಿ ಅದರಾಚೆಯ ನಾಳವೇ ಸಣಕಲಾಗಿದ್ದರೆ ಯಾವ ಶೇಕಡಾವಾರಿಗೂ ಅರ್ಥವಿಲ್ಲ. ಆಗ ‘ಬಹುತೇಕ ಮುಚ್ಚಿದೆ’ ಎಂದೇ ಬರೆಯಬೇಕು, ಅಂಥವರಿಗೆ ಚಿಕಿತ್ಸೆಯ ದಾರಿಯೂ ಬೇರೆ.

ಇನ್ನು ಯಂತ್ರಗಳು. 64, 128, 256 ಎಂಬ ಸ್ಲೈಸ್ ಸಂಖ್ಯೆ ಹೆಚ್ಚಿದಷ್ಟೂ ಚಿತ್ರ ಸೂಕ್ಷ್ಮ ಎಂಬುದು ಎಲ್ಲೆಡೆ ಹಬ್ಬಿರುವ ತಪ್ಪು ತಿಳಿವಳಿಕೆ. ಆ ಸಂಖ್ಯೆ ಮುಖ್ಯವಾಗಿ ಒಂದು ಸುತ್ತಿಗೆ ಎಷ್ಟು ಉದ್ದ, ಎಷ್ಟು ಬೇಗ ತೆಗೆಯಬಹುದು ಎಂಬುದಕ್ಕೆ. 128 ಸ್ಲೈಸ್ ಎಂದು ಕರೆಯುವ ಹಲವು ಯಂತ್ರಗಳಲ್ಲಿ ಇರುವುದು 64 ಸಾಲು ಡಿಟೆಕ್ಟರ್, ಎಕ್ಸ್‌-ರೇ ಹೊಮ್ಮುವ ಬಿಂದುವನ್ನು ಅತ್ತಿತ್ತ ಅಲುಗಿಸಿ ಎರಡರಷ್ಟು ಸ್ಲೈಸ್ ತೆಗೆಯುತ್ತಾರೆ. ಡಿಟೆಕ್ಟರ್ ಕಣದ ಅಳತೆ ಇವೆಲ್ಲದರಲ್ಲೂ ಅರ್ಧದಿಂದ 0.6 ಮಿ.ಮೀ. ಆಸುಪಾಸೇ. ಮಿಡಿಯುವ ಹೃದಯಕ್ಕೆ ಆ ವೇಗ ಬೇಕು. ಕತ್ತಿಗೆ 64 ಸ್ಲೈಸ್ ಧಾರಾಳ.

ಸಾಮಾನ್ಯ ಸಿ.ಟಿ.ಯ ಡಿಟೆಕ್ಟರ್‌ನಲ್ಲಿ ಎಕ್ಸ್‌-ರೇ ಮೊದಲು ಬೆಳಕಾಗುತ್ತದೆ, ಬೆಳಕು ವಿದ್ಯುತ್ತಾಗುತ್ತದೆ, ಬಂದ ಶಕ್ತಿಯ ಒಟ್ಟು ಮೊತ್ತ ಮಾತ್ರ ದಾಖಲಾಗುತ್ತದೆ. ಕಾಂಟ್ರಾಸ್ಟ್ (ನೀವು ಹೇಳಿದ ಡೈ) ಒಳಗಿನ ಅಯೋಡಿನ್, ಪ್ಲಾಕ್‌ನ ಸುಣ್ಣ ಎರಡೂ ಬೆಳ್ಳಗೆ ಕಾಣುವುದರಿಂದ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತು ಎಂಬ ಗಡಿ ಮಸುಕಾಗುತ್ತದೆ.

ಡ್ಯುಯಲ್ ಎನರ್ಜಿಯಲ್ಲಿ ಒಂದೇ ಜಾಗವನ್ನು ಎರಡು ಶಕ್ತಿಯ ಎಕ್ಸ್‌-ರೇಯಲ್ಲಿ ನೋಡುತ್ತೇವೆ. ಕೆಲವು ಯಂತ್ರಗಳಲ್ಲಿ ಎರಡು ಟ್ಯೂಬ್ ಇರುತ್ತವೆ, ಕೆಲವು ಒಂದೇ ಟ್ಯೂಬಿನ ಕಿಲೋವೋಲ್ಟನ್ನು ಸರಸರನೆ ಬದಲಿಸುತ್ತವೆ, ಇನ್ನು ಕೆಲವದರಲ್ಲಿ ಡಿಟೆಕ್ಟರೇ ಎರಡು ಪದರದ್ದು. ಶಕ್ತಿ ಕಡಿಮೆ ಮಾಡಿದಾಗ ಅಯೋಡಿನ್‌ನ ಹೊಳಪು ಸುಣ್ಣದ ಹೊಳಪಿಗಿಂತ ಜಾಸ್ತಿ ಏರುತ್ತದೆ. ಅಯೋಡಿನ್ 33 ಕೆ.ಇ.ವಿ. (ಎಕ್ಸ್‌-ರೇ ಶಕ್ತಿಯ ಅಳತೆ) ಹತ್ತಿರ ಎಕ್ಸ್‌-ರೇಯನ್ನು ಒಮ್ಮೆಲೇ ಹೆಚ್ಚು ಹೀರತೊಡಗುವುದೇ ಇದಕ್ಕೆ ಕಾರಣ. ಈ ವ್ಯತ್ಯಾಸ ಹಿಡಿದು ಕಂಪ್ಯೂಟರ್ ಎರಡನ್ನೂ ಬೇರ್ಪಡಿಸಿ ಸುಣ್ಣವನ್ನು ಅಳಿಸಿ ತೋರಿಸಬಲ್ಲದು. ಸುಣ್ಣ ಅಳಿಸಿದ ಚಿತ್ರ ನೋಡಲು ಬಲು ಚೆಂದ, ಮೋಸವಿರುವುದೂ ಅಲ್ಲೇ. ದಪ್ಪ ಸುಣ್ಣವಿದ್ದಾಗ ಕಂಪ್ಯೂಟರ್ ಸುಣ್ಣದ ಜೊತೆ ಪಕ್ಕದ ರಕ್ತದ ದಾರಿಯನ್ನೂ ಒರೆಸಿಬಿಡುತ್ತದೆ, ಇರುವ ದಾರಿ ಇಲ್ಲದಂತೆ ಕಾಣುತ್ತದೆ. ಮೂಲ ಚಿತ್ರಗಳನ್ನು ಪಕ್ಕದಲ್ಲಿಟ್ಟು ನೋಡದೆ ಬರೀ ಅಳಿಸಿದ ಚಿತ್ರದ ಮೇಲೆ ‘ಪೂರ್ತಿ ಬ್ಲಾಕ್’ ಎಂದು ಬರೆಯಬಾರದು. ಇನ್ನೊಂದು ಉಪಯೋಗ ನಿಮ್ಮಂಥವರಿಗೆ ಮುಖ್ಯ: 40–60 ಕೆ.ಇ.ವಿ. ಚಿತ್ರಗಳಲ್ಲಿ ಅಯೋಡಿನ್ ಹೆಚ್ಚು ಹೊಳೆಯುವುದರಿಂದ ಕಾಂಟ್ರಾಸ್ಟ್ ಕಡಿಮೆ ಹಾಕಿದರೂ ನಡೆಯುತ್ತದೆ. ಎರಡು ಪದರದ ಡಿಟೆಕ್ಟರ್ ಬಿಟ್ಟು ಉಳಿದವುಗಳಲ್ಲಿ ಈ ಸೌಲಭ್ಯ ಬೇಕೆಂದರೆ ಸ್ಕ್ಯಾನ್‌ಗೆ ಮೊದಲೇ ಆ ಪ್ರೋಟೊಕಾಲ್ ಆರಿಸಿರಬೇಕು. ಯಂತ್ರದ ಮೇಲೆ ಡ್ಯುಯಲ್ ಎನರ್ಜಿ ಎಂದು ಬರೆದಿದ್ದು ಸ್ಕ್ಯಾನ್ ಮಾತ್ರ ಸಾಮಾನ್ಯ ರೀತಿಯಲ್ಲೇ ಆಗಿರುವುದು ಅಪರೂಪವಲ್ಲ.

ಫೋಟಾನ್ ಕೌಂಟಿಂಗ್ ಯಂತ್ರದ ಡಿಟೆಕ್ಟರೇ ಬೇರೆ ಜಾತಿಯದು. ಅಮೆರಿಕದ ಎಫ್.ಡಿ.ಎ. 2021ರ ಸೆಪ್ಟೆಂಬರಿನಲ್ಲಿ ಒಪ್ಪಿಗೆ ಕೊಟ್ಟ ಸೀಮೆನ್ಸ್ ಕಂಪನಿಯ ನೇಯೊಟಾಮ್ ಆಲ್ಫಾ ಈ ಬಗೆಯ ಮೊದಲ ಪೂರ್ಣ ಯಂತ್ರ. ಅದರಲ್ಲಿ ಕ್ಯಾಡ್ಮಿಯಂ ಟೆಲ್ಯುರೈಡ್ ಹರಳಿನಿಂದ ಎಕ್ಸ್‌-ರೇ ನೇರವಾಗಿ ವಿದ್ಯುತ್ತಾಗುತ್ತದೆ, ನಡುವೆ ಬೆಳಕಿನ ಹಂತವಿಲ್ಲ. ನಿಮ್ಮ ಕಾರಟಗಿಯ ಲೆಕ್ಕದಲ್ಲೇ ಹೇಳುವುದಾದರೆ ಹಳೆಯದು ಮೂಟೆ ತೂಗಿ ಲೆಕ್ಕ ಬರೆಯುತ್ತದೆ, ಇದು ಕಾಳು ಕಾಳಾಗಿ ಎಣಿಸಿ ಒಂದೊಂದರ ತೂಕವನ್ನೂ ಬರೆದಿಡುತ್ತದೆ. ಪ್ರತಿ ಫೋಟಾನ್‌ನ, ಅಂದರೆ ಎಕ್ಸ್‌-ರೇಯ ಒಂದೊಂದು ಕಾಳಿನ, ಶಕ್ತಿ ತಿಳಿಯುವುದರಿಂದ ಸಾಮಾನ್ಯವಾಗಿ ಡ್ಯುಯಲ್ ಎನರ್ಜಿಯ ಮಾಹಿತಿಯೂ ಅದೇ ಸ್ಕ್ಯಾನಿನಲ್ಲಿ ಸಿಗುತ್ತದೆ. ಒಂದು ಮಟ್ಟಕ್ಕಿಂತ ಕೆಳಗಿನ ಸಂಕೇತವನ್ನು ಎಣಿಕೆಗೇ ಸೇರಿಸದಿರುವುದರಿಂದ ಯಂತ್ರದ ಸ್ವಂತ ಗದ್ದಲವೂ ಕಡಿಮೆ. ಹಳೆಯ ಡಿಟೆಕ್ಟರ್‌ಗಳಲ್ಲಿ ಕಣಕಣಗಳ ನಡುವೆ ಬೆಳಕು ಸೋರದಂತೆ ಅಡ್ಡಗೋಡೆ ಬೇಕು, ಆದ್ದರಿಂದ ಕಣವನ್ನು ತುಂಬ ಸಣ್ಣದು ಮಾಡಲಾಗದು. ಇಲ್ಲಿ ಗೋಡೆಯೇ ಬೇಡ, 0.2 ಮಿ.ಮೀ. ಸ್ಲೈಸ್‌ವರೆಗೂ ಇಳಿಯಬಹುದು. ಸುಣ್ಣ ಉಬ್ಬುವುದು ಕಣ್ಣಿಗೆ ಕಾಣುವಷ್ಟು ತಗ್ಗುತ್ತದೆ, ಪ್ಲಾಕ್ ಮೇಲಿನ ಸಣ್ಣ ಹುಣ್ಣು, ಸ್ಟೆಂಟಿನ ಒಳಗಿನ ದಾರಿ ಇವೆಲ್ಲ ಸ್ಪಷ್ಟವಾಗುತ್ತವೆ.

ಇಷ್ಟಾದರೂ ಅದೂ ಮಾಯಾಕನ್ನಡಿಯಲ್ಲ. ಒಂದೇ ಫೋಟಾನ್‌ನ ಸಂಕೇತ ಪಕ್ಕದ ಕಣಕ್ಕೂ ಹಂಚಿಹೋಗಿ ಲೆಕ್ಕ ತಪ್ಪುವುದುಂಟು. ಅತಿ ಸೂಕ್ಷ್ಮ ಸ್ಲೈಸ್‌ನಲ್ಲಿ ಚಿತ್ರ ಕಾಳುಕಾಳಾಗುತ್ತದೆ. ರೋಗಿ ಆ ಗಳಿಗೆಯಲ್ಲಿ ಉಗುಳು ನುಂಗಿದರೆ 0.2 ಮಿ.ಮೀ. ಸೂಕ್ಷ್ಮತೆಯೆಲ್ಲ ನೀರಲ್ಲಿ ಹೋಮ. ಜೊತೆಗೆ, ಚಿಕಿತ್ಸೆಯ ಶೇ 50, ಶೇ 70ರ ಗೆರೆಗಳನ್ನು ಎಳೆದದ್ದು ನ್ಯಾಸೆಟ್ ಅಧ್ಯಯನದಲ್ಲಿ, 1990ರ ದಶಕದ ಕ್ಯಾಥೆಟರ್ ಆಂಜಿಯೊಗ್ರಾಂ (ನಾಳದೊಳಗೆ ಕೊಳವೆ ತೂರಿಸಿ ತೆಗೆಯುವ) ಚಿತ್ರಗಳ ಮೇಲೆ. ಕೂದಲೆಳೆಯಷ್ಟು ಸೂಕ್ಷ್ಮವಾಗಿ ಅಳೆದರೂ ಕೊನೆಗೆ ನಿರ್ಧಾರವಾಗುವುದು ಆ ಗೆರೆಗಳಿಗೆ ಹೋಲಿಸಿಯೇ. ಲಕ್ಷಣ ಕಂಡ, ಶೇ 70–99 ಬ್ಲಾಕ್ ಇದ್ದವರಲ್ಲಿ ಎರಡು ವರ್ಷದಲ್ಲಿ ಅದೇ ಭಾಗದ ಲಕ್ವ ಔಷಧಿ ಮಾತ್ರ ಪಡೆದವರಲ್ಲಿ ಶೇ 26, ಆಪರೇಷನ್ ಆದವರಲ್ಲಿ ಶೇ 9 ಇತ್ತು. ಶೇ 50–69 ಇದ್ದವರಲ್ಲಿ ಲಾಭ ಕಡಿಮೆ: ಐದು ವರ್ಷದಲ್ಲಿ ಶೇ 22 ಮತ್ತು ಶೇ 16ರ ಹತ್ತಿರ. ನಿಮ್ಮ ತಂದೆಯವರ ಬ್ಲಾಕ್ ಶೇ 67 ಆಗಿದ್ದರೂ ಶೇ 78 ಆಗಿದ್ದರೂ ಅವರು ಸರ್ಜನ್‌ರನ್ನು ನೋಡಲೇಬೇಕಾದವರು. ಹಾಗಿರುವಾಗ ಆ ಅರ್ಧ ಮಿಲಿಮೀಟರಿಗಾಗಿ ಹತ್ತು ದಿನ ಕೊಡುವುದು ದುಬಾರಿ ವ್ಯಾಪಾರ.

ಹೊಸ ಯಂತ್ರ ಯಾರಿಗೆ ನಿಜಕ್ಕೂ ಬೇಕು? ನಾಳದ ಸುತ್ತಲೂ ಬಳೆಯಂತೆ ಸುಣ್ಣ ಕಟ್ಟಿ ಸಾಮಾನ್ಯ ಸಿ.ಟಿ.ಯಲ್ಲಿ ದಾರಿಯೇ ಅಳೆಯಲು ಬಾರದಿದ್ದಾಗ, ಹಿಂದೆ ಹಾಕಿದ ಸ್ಟೆಂಟ್ ಒಳಗೆ ಮತ್ತೆ ಬ್ಲಾಕ್ ಸಂಶಯ ಬಂದಾಗ, ಡಾಪ್ಲರ್ ಒಂದು, ಸಿ.ಟಿ. ಇನ್ನೊಂದು ಹೇಳಿದಾಗ. ಇಂಥ ಕಡೆ ಮೊದಲು ಎಂ.ಆರ್. ಆಂಜಿಯೊ ಕೂಡ ಯೋಚಿಸಬಹುದು, ಅದಕ್ಕೆ ಸುಣ್ಣದ ಕಾಟ ಕಡಿಮೆ. ಕ್ಯಾಥೆಟರ್ ಆಂಜಿಯೊ ಕೊನೆಯ ದಾರಿ. ಕ್ಯಾಥೆಟರ್‌ನಿಂದಲೇ ಲಕ್ವವಾಗುವ ಸಣ್ಣ ಅಪಾಯ ಅದರಲ್ಲಿದೆ, ಮೇಲಾಗಿ ಅದು ತೋರಿಸುವುದು ದಾರಿಯನ್ನು ಮಾತ್ರ, ಗೋಡೆಯೊಳಗಿನ ಪ್ಲಾಕನ್ನಲ್ಲ.

ಒಡೆಯುತ್ತದೋ ಇಲ್ಲವೋ?

ಸುಣ್ಣ ಎಂದರೆ ಜನ ಹೆದರುತ್ತಾರೆ. ವಾಸ್ತವದಲ್ಲಿ ಗಟ್ಟಿ ಸುಣ್ಣಗಟ್ಟಿದ ಪ್ಲಾಕ್ ಸಾಮಾನ್ಯವಾಗಿ ಮೆತ್ತನೆಯದಕ್ಕಿಂತ ಸ್ಥಿರ. ಭಯ ಇರುವುದು ಒಳಗೆ ಕೊಬ್ಬಿನ ಮುದ್ದೆ, ಅದರಲ್ಲಿ ರಕ್ತಸ್ರಾವ, ಮೇಲೆ ತೆಳು ಪೊರೆ ಇರುವ ಪ್ಲಾಕ್ ಬಗ್ಗೆ. ಸಿ.ಟಿ. ಇಲ್ಲಿ ಸೋಲುತ್ತದೆ: ಕೊಬ್ಬಿನ ಮುದ್ದೆಗೂ ಹೆಪ್ಪುಗಟ್ಟಿದ ರಕ್ತಕ್ಕೂ ಅದರಲ್ಲಿ ಬರುವ ಸಾಂದ್ರತೆಯ ಅಂಕಿಗಳು ಒಂದರ ಮೇಲೊಂದು ಬೀಳುತ್ತವೆ, ಪಕ್ಕದ ಕಾಂಟ್ರಾಸ್ಟಿನ ಹೊಳಪು ಬೇರೆ ಸೇರಿಕೊಳ್ಳುತ್ತದೆ. ಫೋಟಾನ್ ಕೌಂಟಿಂಗ್ ಇದನ್ನು ಸ್ವಲ್ಪ ಸುಧಾರಿಸುತ್ತದೆ, ಪೂರ್ತಿ ಬಗೆಹರಿಸುವುದಿಲ್ಲ. ಪ್ಲಾಕ್‌ನೊಳಗಿನ ರಕ್ತಸ್ರಾವಕ್ಕೆ ಎಂ.ಆರ್.ಐ.ಯೇ ಸರಿ. ಕೊಬ್ಬಿನ ಸಂಕೇತ ತಗ್ಗಿಸಿದ ಟಿ-ಒನ್ ಚಿತ್ರದಲ್ಲಿ ಅದು ಬೆಳ್ಳಗೆ ಎದ್ದು ಕಾಣುತ್ತದೆ, ಇಂಜೆಕ್ಷನ್ ಬೇಡ, ಸಾಮಾನ್ಯ ತಲೆ-ಕತ್ತಿನ ಕಾಯಿಲ್‌ನಲ್ಲೇ (ಸಂಕೇತ ಹಿಡಿಯುವ ಸಾಧನ) ಕೆಲವು ನಿಮಿಷ ಸಾಕು. ಮಿದುಳಿನ ಎಂ.ಆರ್.ಐ. ಹೇಗೂ ಮಾಡಿಸಬೇಕಿದ್ದರೆ ಆಗಲೇ ಕತ್ತಿಗೂ ಈ ಸೀಕ್ವೆನ್ಸ್ ಸೇರಿಸಲು ಕೇಳಿ. ಸಿ.ಟಿ.ಯಲ್ಲಿ ಹುಡುಕಬೇಕಾದ ಸುಳಿವುಗಳು ಎಂದರೆ ಪ್ಲಾಕ್ ಮೇಲೆ ಹುಣ್ಣು, ಮತ್ತು ಹೊರ ಅಂಚಿಗೆ ತೆಳು ಸುಣ್ಣದ ಗೆರೆ, ಒಳಗೆ 2 ಮಿ.ಮೀ. ಅಥವಾ ಹೆಚ್ಚು ದಪ್ಪದ ಮೆತ್ತನೆ ಪ್ಲಾಕ್ ಇರುವ ಜೋಡಿ. ಈ ಎರಡನೆಯದು ಒಳರಕ್ತಸ್ರಾವದ ಜೊತೆ ಕಾಣಿಸಿಕೊಳ್ಳುತ್ತದೆ.

128 ಸ್ಲೈಸ್‌ನಲ್ಲೇ ಒಳ್ಳೆಯ ಆಂಜಿಯೊ

ಯಂತ್ರಕ್ಕಿಂತ ಇದೇ ಮುಖ್ಯ. ಸೂಜಿ ಬಲಗೈ ಮೊಣಕೈ ಮಡಿಕೆಯ ರಕ್ತನಾಳಕ್ಕೆ, 18 ಅಥವಾ 20 ಗೇಜ್ ಕ್ಯಾನುಲಾ. ಎಡಗೈಗೆ ಹಾಕಿದರೆ ದಟ್ಟ ಕಾಂಟ್ರಾಸ್ಟ್ ಎದೆಯ ಮೇಲ್ಭಾಗದಲ್ಲಿ ಅಡ್ಡ ಹಾದು, ಕೆರೋಟಿಡ್ ಹುಟ್ಟುವ ಜಾಗದ ಮೇಲೆ ಗೆರೆಗೆರೆ ಎಳೆಯುತ್ತದೆ. ಕಾಂಟ್ರಾಸ್ಟ್ 50–70 ಮಿ.ಲೀ., ಸೆಕೆಂಡಿಗೆ 4–5 ಮಿ.ಲೀ. ವೇಗ, ಹಿಂದೆಯೇ 40 ಮಿ.ಲೀ. ಸಲೈನ್. ಸ್ಕ್ಯಾನ್ ಮಹಾಧಮನಿಯ ಕಮಾನಿನಿಂದ ನೆತ್ತಿಯವರೆಗೆ ಹೋಗಬೇಕು. ಬರೀ ಕತ್ತು ತೆಗೆದರೆ ಸ್ಟೆಂಟ್ ಹಾಕುವವರಿಗೆ ಕಮಾನು ಎಷ್ಟು ಕಡಿದಾಗಿದೆ, ನಾಳ ಎಷ್ಟು ಸುತ್ತಿಕೊಂಡಿದೆ ಎಂಬುದು ಗೊತ್ತಾಗುವುದಿಲ್ಲ. ಆಪರೇಷನ್ ಮಾಡುವವರಿಗೆ ಬ್ಲಾಕ್ ಎಷ್ಟು ಎತ್ತರದಲ್ಲಿದೆ ಎಂಬುದು ಬೇಕು, ಕತ್ತಿನ ಎರಡನೇ ಮೂಳೆಗಿಂತ ಮೇಲಿದ್ದರೆ ಕೈ ಹೋಗುವುದು ಕಷ್ಟ. ಸುತ್ತಲೂ ಸುಣ್ಣವಿದ್ದರೆ ಸ್ಟೆಂಟ್ ಸರಿಯಾಗಿ ಅರಳುವುದಿಲ್ಲ, ಅಂಥಲ್ಲಿ ಆಪರೇಷನ್ನೇ ಮೇಲು.

ಭುಜಗಳನ್ನು ಕಾಲಿನ ಕಡೆಗೆ ಎಳೆದಿಟ್ಟುಕೊಳ್ಳಲು ಹೇಳಬೇಕು, ಬಿಚ್ಚುವ ಹಲ್ಲಿನ ಸೆಟ್ ತೆಗೆಸಬೇಕು. ‘ಮೈಯೆಲ್ಲ ಬಿಸಿಯಾಗುತ್ತೆ, ಹೆದರಬೇಡಿ, ಉಗುಳು ನುಂಗಬೇಡಿ’ ಎಂದು ಮೊದಲೇ ಹೇಳದಿದ್ದರೆ ಸರಿಯಾಗಿ ಆ ಕ್ಷಣದಲ್ಲೇ ನುಂಗುತ್ತಾರೆ. ಚಿತ್ರ ಕಟ್ಟುವಾಗ ನೋಡುವ ಕ್ಷೇತ್ರ 350 ಮಿ.ಮೀ. ಇಟ್ಟರೆ 512 ಚೌಕದ ಒಂದೊಂದು ಚುಕ್ಕೆ 0.68 ಮಿ.ಮೀ. ಆಗುತ್ತದೆ, 200ಕ್ಕೆ ಇಳಿಸಿದರೆ 0.39. ಒಂದು ಪೈಸೆ ಖರ್ಚಿಲ್ಲದೆ ಸಿಗುವ ಸೂಕ್ಷ್ಮತೆ ಇದು, ಎಷ್ಟೋ ಕಡೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಳೆಯುವಾಗ ಕಿರಿದಾದ ವಿಂಡೋದಲ್ಲಿ (ಚಿತ್ರದ ಕಪ್ಪು-ಬಿಳುಪಿನ ವ್ಯಾಪ್ತಿ) ನೋಡಿದರೆ ಸುಣ್ಣವೂ ರಕ್ತವೂ ಒಂದೇ ಬಿಳಿ ಮುದ್ದೆ. ವಿಂಡೋ 800–1000ಕ್ಕೆ ಅಗಲಿಸಿ, ನಾಳಕ್ಕೆ ಲಂಬವಾಗಿ ಕತ್ತರಿಸಿದ ಚಿತ್ರದಲ್ಲಿ ಅಳೆದರೆ ಬ್ಲೂಮಿಂಗ್‌ನ ಮೋಸ ಎಷ್ಟೋ ತಗ್ಗುತ್ತದೆ.

ಫಿಲಂ ಮಾತ್ರ ತರಬೇಡಿ. 1 ಮಿ.ಮೀ. ಅಥವಾ ಅದಕ್ಕಿಂತ ತೆಳು ಸ್ಲೈಸ್‌ಗಳ ಪೂರ್ತಿ ಡೇಟಾ ಸಿ.ಡಿ. ಅಥವಾ ಪೆನ್‌ಡ್ರೈವ್‌ನಲ್ಲಿ ಕೇಳಿ ಪಡೆಯಿರಿ. ಅದಿದ್ದರೆ ಬೆಂಗಳೂರು, ಹೈದರಾಬಾದ್, ಹುಬ್ಬಳ್ಳಿ ಎಲ್ಲಿಗೆ ಹೋದರೂ ಮತ್ತೊಮ್ಮೆ ಡೈ ಹಾಕಿಸಿಕೊಳ್ಳುವ ಪ್ರಮೇಯ ಬರುವುದು ಕಡಿಮೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಮುಂದಿನ ಚಿಕಿತ್ಸೆ ಆಗಬೇಕಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರವನ್ನೂ ಅವತ್ತೇ ಮಾಡಿಸಿಕೊಳ್ಳಿ, ಕೊಪ್ಪಳ, ಬಳ್ಳಾರಿ, ರಾಯಚೂರು ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ.

ಅಮ್ಮನವರ ಭಯಕ್ಕೆ ಬರೋಣ. 64 ವರ್ಷದ ಗಂಡಸಿಗೆ ಕ್ರಿಯಾಟಿನಿನ್ 1.5 ಎಂದರೆ ಇ.ಜಿ.ಎಫ್.ಆರ್. (ಕಿಡ್ನಿ ರಕ್ತ ಸೋಸುವ ವೇಗದ ಅಂದಾಜು) ಸುಮಾರು 52. ಕಾಂಟ್ರಾಸ್ಟಿನ ವಿಚಾರದಲ್ಲಿ ನಿಜವಾಗಿ ಎಚ್ಚರ ಬೇಕಾದದ್ದು 30ಕ್ಕಿಂತ ಕೆಳಗೆ ಇದ್ದಾಗ, ಅಥವಾ ಕಿಡ್ನಿ ಇದ್ದಕ್ಕಿದ್ದಂತೆ ಹದಗೆಡುತ್ತಿರುವಾಗ. ಇವರ ಮಟ್ಟಕ್ಕೆ ಮೆಟ್‌ಫಾರ್ಮಿನ್ ನಿಲ್ಲಿಸುವುದೂ ಕಡ್ಡಾಯವಲ್ಲ. ಕೆಲವು ಸೆಂಟರ್‌ಗಳು 48 ಗಂಟೆ ನಿಲ್ಲಿಸಿ ಅನ್ನುತ್ತವೆ, ಆಗ ಶುಗರ್ ನೋಡಿಕೊಳ್ಳುವ ಬಗೆಯನ್ನು ನಿಮ್ಮ ವೈದ್ಯರನ್ನು ಕೇಳಿ. ಕಾಂಟ್ರಾಸ್ಟಿಗಿಂತ ನನಗೆ ಹೆಚ್ಚು ಚಿಂತೆ ನಮ್ಮ ಕಡೆಯ ಬಿಸಿಲು. ಹೊಟ್ಟೆ ಖಾಲಿ ಇರಬೇಕೆಂದು ಬೆಳಗಿನಿಂದ ಹನಿ ನೀರೂ ಕುಡಿಯದೆ ಬಸ್ಸಿನಲ್ಲಿ ಬಳ್ಳಾರಿಗೆ ಬರುತ್ತಾರೆ, ಕಿಡ್ನಿಗೆ ಪೆಟ್ಟು ಅಲ್ಲೇ ಬೀಳುತ್ತದೆ. ಹೃದಯದ ವೈದ್ಯರು ನೀರು ಮಿತಿ ಮಾಡಿಲ್ಲದಿದ್ದರೆ ನೀರು ಕುಡಿಸುತ್ತಲೇ ಕರೆತನ್ನಿ. ನೋವಿನ ಮಾತ್ರೆಗಳನ್ನು ಹಿಂದಿನ ದಿನದಿಂದಲೇ ಬಿಡಿಸಿ. ಮೀನು ತಿಂದರೆ ಅಲರ್ಜಿ ಆಗುವವರಿಗೆ ಈ ಡೈ ಆಗದು ಎಂಬುದು ಬರೀ ನಂಬಿಕೆ. ಹಿಂದೆ ಇದೇ ಕಾಂಟ್ರಾಸ್ಟಿಗೆ ಮೈ ತುರಿಸಿದ್ದು, ಉಸಿರು ಕಟ್ಟಿದ್ದು ಇದ್ದರೆ ಮಾತ್ರ ತಪ್ಪದೆ ಹೇಳಿ.

ಈ ನಡುವೆ ಮುಖ ಸೊಟ್ಟಗಾದರೆ, ಕೈಕಾಲು ಸೋತರೆ, ಮಾತು ತಪ್ಪಿದರೆ ಆಂಜಿಯೊ ಅಪಾಯಿಂಟ್‌ಮೆಂಟ್ ಮರೆತು, ಸಿ.ಟಿ. ಇರುವ ಹತ್ತಿರದ ಆಸ್ಪತ್ರೆಗೆ 108ರಲ್ಲಿ ಹೊರಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ನಾಲ್ಕೂವರೆ ಗಂಟೆಯೊಳಗೆ ತಲುಪಿರಬೇಕು, ಲಕ್ಷಣ ಶುರುವಾದ ಸಮಯವನ್ನು ಬರೆದಿಟ್ಟುಕೊಂಡು ಹೋಗಿ.

ನಿಮಗೂ ತಂಗಿಗೂ ಯಾವ ಲಕ್ಷಣವೂ ಇಲ್ಲದಿದ್ದರೆ ಕತ್ತಿನ ಡಾಪ್ಲರ್ ಆಗಲಿ ಸಿ.ಟಿ. ಆಗಲಿ ಬೇಡ. ಬಿ.ಪಿ., ಶುಗರ್, ಕೊಲೆಸ್ಟರಾಲ್ ನೋಡಿಸಿ. ಅಪ್ಪನ ಗುಟ್ಕಾ ಪೊಟ್ಟಣ ಮಾತ್ರ ಇವತ್ತೇ ಮನೆಯಿಂದ ಹೊರಗೆ ಹೋಗಲಿ.